ಕಿಟ್‌ನಿಂದ ರೈಲು ಕೋಚ್: ಮೊದಲು ಓಡಲಿ, ಆಮೇಲೆ ಮಿಂಚಲಿ

ಬಿಡಿಭಾಗ ಜೋಡಿಸಿ ಪುಟ್ಟ ಮಾದರಿ ರೈಲು ಕೋಚ್ ಮಾಡುವ ಕಿಟ್ ಕೈಗೆ ಬಂದ ಕೂಡಲೇ ಬಹಳಷ್ಟು ಜನ ಮಾಡುವ ಕೆಲಸ ಒಂದೇ. ನಾಲ್ಕು ಗೋಡೆ ಅಂಟಿಸಿ, ಮೇಲೆ ಛಾವಣಿ ಕೂರಿಸಿ, ಟೇಬಲ್ ಮೇಲಿಟ್ಟು ಫೋಟೊ ತೆಗೆಯುವುದು. ನೋಡೋಕೆ ಚೆನ್ನಾಗೇ ಇರುತ್ತದೆ. ಪೇಚಾಟ ಶುರುವಾಗುವುದು ಆಮೇಲೆ. ಸೀಟು ಕೂರಿಸೋಣ ಅಂದರೆ ಒಳಗೆ ಕೈ ಹೋಗುವುದಿಲ್ಲ, ಬಣ್ಣ ಹೊಡೆದರೆ ಕಿಟಕಿ ಗಾಜಿಗೂ ಬೀಳುತ್ತದೆ, ಹಳಿ ಮೇಲೆ ಬಿಟ್ಟರೆ ಮೊದಲ ತಿರುವಿನಲ್ಲೇ ಪಲ್ಟಿ. ಇದಕ್ಕೆ ಕೈಚಳಕ ಸಾಲದು ಅಂತ ಕಾರಣ ಕೊಡಬೇಡಿ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವ ಕ್ರಮ ತಪ್ಪಿರುತ್ತದೆ, ಅಷ್ಟೇ.

ಯಾವ ಕೋಚ್, ಎಷ್ಟು ದೊಡ್ಡದು

ಮೊದಲ ಸಲಕ್ಕೆ ನೀಲಿ ಐಸಿಎಫ್ ಕೋಚ್, ಅಂದರೆ ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ ಹಳೆ ಮಾದರಿಯ ಕೋಚ್ ತಗೊಳ್ಳಿ. ಗೋಡೆ ಹೆಚ್ಚುಕಡಿಮೆ ಚಪ್ಪಟೆ, ಕಿಟಕಿ ಸಾಲು ನೇರ, ಬಣ್ಣವೂ ಎರಡೇ. ಘಟ್ಟದ ಗಾಡಿ ಅಂದ ಕೂಡಲೇ ನಮ್ಮ ಕಡೆಯವರಿಗೆ ವಿಸ್ಟಾಡೋಮ್, ಅಂದರೆ ದೊಡ್ಡ ಗಾಜಿನ ಪ್ರವಾಸಿ ಕೋಚ್, ಮಾಡುವ ಆಸೆ ಬರುತ್ತದೆ. ಯಶವಂತಪುರ–ಮಂಗಳೂರು ಗಾಡಿಗೆ 2021ರಲ್ಲಿ ಆ ಕೋಚ್ ಬಂದ ಮೇಲಂತೂ ಇನ್ನೂ ಜಾಸ್ತಿ. ಆದರೆ ಅದರಲ್ಲಿ ಗೋಡೆಗಿಂತ ಗಾಜೇ ಹೆಚ್ಚು, ಒಳಗಿನದ್ದೆಲ್ಲ ಹೊರಗೆ ಕಾಣುತ್ತದೆ. ಅದು ನಾಲ್ಕನೆಯದೋ ಐದನೆಯದೋ ಆಗಲಿ.

ಅಳತೆಯ ವಿಷಯ. ನಿಜವಾದ ಐಸಿಎಫ್ ಕೋಚ್‌ನ ಮೈ ಉದ್ದ 21,337 ಮಿಲಿಮೀಟರ್, ಅಗಲ 3,245. ಎಚ್‌ಒ ಅಳತೆಯಲ್ಲಿ, ಅಂದರೆ 87ಕ್ಕೆ 1ರಂತೆ, ಇದು ಸುಮಾರು 245 ಮಿ.ಮೀ. ಉದ್ದ, 37 ಮಿ.ಮೀ. ಅಗಲ ಆಗುತ್ತದೆ. ಎನ್ ಅಳತೆಯಲ್ಲಿ, 160ಕ್ಕೆ 1, ಉದ್ದ 133 ಮಿ.ಮೀ. ಮಾತ್ರ. ಜಾಗ ಕಡಿಮೆ ಸಾಕು ನಿಜ, ಆದರೆ ಕಿಟಕಿ ಸರಳು ಮಾಡುವಾಗ ಕಣ್ಣು ಹೋಗುತ್ತದೆ. ಹೊಸಬರಿಗೆ ಎಚ್‌ಒ ವಾಸಿ. ಹತ್ತು ಕೋಚಿನ ಗಾಡಿ ಮಾಡಿದರೆ ಎಂಜಿನ್ ಬಿಟ್ಟೇ ಎರಡೂವರೆ ಮೀಟರ್ ಆಗುತ್ತದೆ, ಹಾಲ್ ಬೇಕು. ಅದಕ್ಕೇ ಕಡೂರು–ಚಿಕ್ಕಮಗಳೂರು ಪ್ಯಾಸೆಂಜರ್ ಅಂತ ಹೆಸರಿಟ್ಟು ಮೂರು ನಾಲ್ಕು ಕೋಚಿಗೆ ನಿಲ್ಲಿಸಿದರೆ ಮನೆಯವರೂ ಸುಮ್ಮನಿರುತ್ತಾರೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬ್ರಾಡ್‌ಗೇಜಿನಲ್ಲಿ ಎರಡು ಹಳಿಗಳ ನಡುವಿನ ಅಂತರ 1,676 ಮಿ.ಮೀ., ಅದನ್ನು 87ರಿಂದ ಭಾಗಿಸಿದರೆ 19 ಮಿ.ಮೀ. ದಾಟುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿ.ಮೀ., ಅದು ಬೇರೆ ದೇಶಗಳ ಸ್ಟ್ಯಾಂಡರ್ಡ್ ಗೇಜಿಗೆ ಹೊಂದುವ ಲೆಕ್ಕ. ಹಾಗಾಗಿ ನಮ್ಮ ಕೋಚ್ ಅದರ ಮೇಲೆ ಕೊಂಚ ಕಿರಿದಾದ ಹಳಿಯಲ್ಲಿ ನಿಂತ ಹಾಗೆ ಕಾಣುತ್ತದೆ. ಮೂರಡಿ ದೂರದಿಂದ ಯಾರಿಗೂ ಗೊತ್ತಾಗುವುದಿಲ್ಲ, ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. 1979ರಲ್ಲಿ ಶುರುವಾದ ಹಾಸನ–ಮಂಗಳೂರು ಮೀಟರ್‌ಗೇಜ್ ಗಾಡಿಯೇ ಬೇಕು ಅನ್ನುವವರಿಗೆ 12 ಮಿ.ಮೀ. ಹಳಿ ಬೇಕಾಗುತ್ತದೆ, ಅದು ಬೇರೆಯೇ ದಾರಿ.

ಅಂಟು ಮುಟ್ಟುವ ಮೊದಲು

ಎಲ್ಲ ಬಿಡಿಭಾಗಗಳನ್ನೂ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನಿಂದ ಬಿಡಿಸಲು ಕಾರ್ಖಾನೆಯಲ್ಲಿ ಜಿಡ್ಡು ಸವರಿರುತ್ತಾರೆ, ಅದು ಉಳಿದರೆ ಬಣ್ಣ ಪದರ ಪದರವಾಗಿ ಏಳುತ್ತದೆ. ಕಿಟ್ ರೆಸಿನ್‌ನದು, ಅಂದರೆ ಅಚ್ಚಿಗೆ ಸುರಿದು ಗಟ್ಟಿ ಮಾಡಿದ್ದು ಆಗಿದ್ದು, ಉದ್ದ ಗೋಡೆ ಬಾಗಿದ್ದರೆ ಬಿಸಿನೀರಲ್ಲಿ ಸ್ವಲ್ಪ ಹೊತ್ತು ಅದ್ದಿ, ಚಪ್ಪಟೆ ಗಾಜಿನ ಮೇಲೆ ಒತ್ತಿ ಹಿಡಿದು, ಹಾಗೇ ತಣ್ಣಗಾಗಲು ಬಿಡಿ.

ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಅವನ್ನು ತಿರುಚಿ ಮುರಿಯಬೇಡಿ. ಕಟರ್‌ನಿಂದ ಸ್ವಲ್ಪ ದೂರ ಬಿಟ್ಟು ಕತ್ತರಿಸಿ, ಉಳಿದ ಮೊಂಡು ತುದಿಯನ್ನು ಸಣ್ಣ ಅರದಿಂದ ಉಜ್ಜಿ. ಸಾಮಾನು ತುಂಬಾ ಏನೂ ಬೇಡ: ಕಟರ್, ಸ್ಟೀಲ್ ಸ್ಕೇಲು, ಚಿಮಟ, ಅರ, 400 ಮತ್ತು 1000 ನಂಬರಿನ ವಾಟರ್ ಪೇಪರ್, ಮಾಸ್ಕಿಂಗ್ ಟೇಪು. ಹವ್ಯಾಸಿ ಅಂಗಡಿ ನಮ್ಮೂರಲ್ಲಿ ಇಲ್ಲ ಅಂತ ಕೊರಗುವುದೇನೂ ಬೇಡ. ಹಾರ್ಡ್‌ವೇರ್ ಅಂಗಡಿ, ಸ್ಟೇಷನರಿ, ಕಾರಿನ ಬಣ್ಣ ಮಾರುವವರು, ಈ ಮೂರು ಕಡೆ ಸುತ್ತಿದರೆ ಮುಕ್ಕಾಲು ಭಾಗ ಸಿಕ್ಕಿತು.

ಮೊದಲು ಬೋಗಿ

ಗೋಡೆ ಪಕ್ಕಕ್ಕಿಡಿ. ನೆಲ ಮತ್ತು ಬೋಗಿಯಿಂದ ಶುರು ಮಾಡಿ. ಕಿಟ್‌ನವರು ಬೋಗಿ ಅನ್ನುವುದು ನಾಲ್ಕು ಚಕ್ರದ ಆ ಗಾಡಿಯನ್ನು, ಇಡೀ ಕೋಚನ್ನಲ್ಲ.

ಐಸಿಎಫ್ ಕೋಚಿನ ಚಕ್ರದ ವ್ಯಾಸ 915 ಮಿ.ಮೀ., ಅಂದರೆ ಎಚ್‌ಒನಲ್ಲಿ 10.5. ಈ ಅಳತೆಯ ಲೋಹದ ಚಕ್ರ ಸುಲಭವಾಗಿ ಸಿಗುತ್ತದೆ. ಕಿಟ್‌ನಲ್ಲಿ ಪ್ಲಾಸ್ಟಿಕ್ ಚಕ್ರ ಕೊಟ್ಟಿದ್ದರೆ ಬದಲಾಯಿಸಿ, ಖರ್ಚು ಮಾಡಬೇಕಾದ ಜಾಗ ಇದೇ. ಎರಡು ಚಕ್ರಗಳ ಒಳಮೈಗಳ ನಡುವೆ ಸುಮಾರು 14.5 ಮಿ.ಮೀ. ಇರಬೇಕು. ಇದು ಹೆಚ್ಚುಕಡಿಮೆ ಆದರೆ ನೇರ ಹಳಿಯಲ್ಲಿ ಏನೂ ಗೊತ್ತಾಗುವುದಿಲ್ಲ, ಪಾಯಿಂಟ್ಸ್, ಅಂದರೆ ಹಳಿ ಕವಲೊಡೆಯುವ ಜಾಗ, ಬಂದಾಗ ಮಾತ್ರ ಪ್ರತಿ ಸಲ ಅಲ್ಲೇ ಹಳಿ ತಪ್ಪುತ್ತದೆ, ನೀವು ಹಳಿಯನ್ನು ಬೈಯುತ್ತಾ ಕೂರುತ್ತೀರಿ. ಚಕ್ರವನ್ನು ಬೆರಳಿಂದ ಮೆಲ್ಲಗೆ ತಳ್ಳಿ ನೋಡಿ. ಸ್ವಲ್ಪ ಹೊತ್ತು ತಿರುಗಿ ನಿಲ್ಲಬೇಕು, ಥಟ್ಟನೆ ನಿಂತರೆ ಆಕ್ಸಲ್ ಕೂರುವ ಗುಳಿಯಲ್ಲಿ ಪ್ಲಾಸ್ಟಿಕ್ ಚೂರು ಉಳಿದಿದೆ ಅಂತ ಅರ್ಥ.

ಈಗ ಮುಖ್ಯವಾದ ಸಂಗತಿ. ಎರಡೂ ಬೋಗಿಯ ಸ್ಕ್ರೂ ಒಂದೇ ಸಮ ಬಿಗಿಯಬೇಡಿ. ಒಂದು ಬೋಗಿ ಎಡಬಲಕ್ಕೆ ತಿರುಗಿದರೆ ಸಾಕು, ಓಲಾಡಬಾರದು. ಇನ್ನೊಂದು ತಿರುಗಲೂ ಬೇಕು, ಓಲಾಡಲೂ ಬೇಕು. ಮೂರು ಕಾಲಿನ ಸ್ಟೂಲ್ ಎಂಥ ನೆಲದಲ್ಲೂ ಕುಂಟದೆ ನಿಲ್ಲುತ್ತದಲ್ವಾ, ಅದೇ ಉಪಾಯ. ಎರಡನ್ನೂ ಬಿಗಿದರೆ ಹಳಿಯ ಒಂದು ಸಣ್ಣ ಏರುಪೇರಿಗೂ ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ, ಎರಡನ್ನೂ ಸಡಿಲ ಬಿಟ್ಟರೆ ಕೋಚ್ ಕುಡಿದವರ ಹಾಗೆ ವಾಲುತ್ತದೆ.

ಆಮೇಲೆ ತೂಕ. ಅಮೆರಿಕದ ಮಾಡೆಲ್ ರೈಲು ಸಂಘ ಎನ್‌ಎಂಆರ್‌ಎ ಎಚ್‌ಒ ಗಾಡಿಗಳಿಗೆ ಒಂದು ಲೆಕ್ಕ ಕೊಟ್ಟಿದೆ: ಮೊದಲಿಗೆ ಒಂದು ಔನ್ಸ್, ಅದರ ಮೇಲೆ ಪ್ರತಿ ಇಂಚು ಉದ್ದಕ್ಕೂ ಅರ್ಧ ಔನ್ಸ್. ನಮ್ಮ 245 ಮಿ.ಮೀ. ಕೋಚಿಗೆ ಇದು ಸುಮಾರು 165 ಗ್ರಾಂ ಆಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಎಲ್ಲ ಭಾಗ ಇಟ್ಟು ತೂಗಿ, ಎಷ್ಟು ಕಮ್ಮಿ ಇದೆಯೋ ಅಷ್ಟು ಸೇರಿಸಿ. ವೀಲ್ ಅಲೈನ್‌ಮೆಂಟ್ ಮಾಡುವ ಅಂಗಡಿಯಲ್ಲಿ ಕಾರಿನ ಚಕ್ರಕ್ಕೆ ಅಂಟಿಸುವ 5 ಗ್ರಾಂ, 10 ಗ್ರಾಂ ತುಂಡುಗಳ ಪಟ್ಟಿ ಇರುತ್ತದೆ. ಹಿಂದೆ ಅಂಟು ಬೇರೆ ಇರುತ್ತದೆ. ನೆಲದ ಮೇಲೆ, ಮಧ್ಯದ ಗೆರೆಗೆ ಸರಿಯಾಗಿ, ಎರಡೂ ಬೋಗಿಗೆ ಸಮ ಬರುವಂತೆ ಅಂಟಿಸಿ. ಛಾವಣಿಯ ಹತ್ತಿರ ತೂಕ ಇಟ್ಟರೆ ತಿರುವಿನಲ್ಲಿ ಮಗುಚುವುದಕ್ಕೆ ನೀವೇ ಸಹಾಯ ಮಾಡಿದಂತೆ.

ಗೋಡೆ ಇಲ್ಲದ ಈ ಹಲಗೆಯನ್ನೇ ಹಳಿ ಮೇಲಿಟ್ಟು ಓಡಿಸಿ. ತಳ್ಳಿ, ಎಳೆಯಿರಿ, ಪಾಯಿಂಟ್ಸ್ ದಾಟಿಸಿ. ಆಟಿಕೆ ಸೆಟ್ಟಿನ ಜೊತೆ ಬರುವ 18 ಇಂಚು ತ್ರಿಜ್ಯದ ತಿರುವು ಇಷ್ಟುದ್ದದ ಕೋಚಿಗೆ ಇಕ್ಕಟ್ಟು, ಬೋಗಿ ಹೋಗಿ ಅಡಿಭಾಗದ ಡಬ್ಬಿಗಳಿಗೆ ತಾಗುತ್ತದೆ. 24 ಇಂಚು ಇದ್ದರೆ ನಿರಾಳ. ಎಲ್ಲಿ ತಾಗುತ್ತದೆ ಅಂತ ಈಗಲೇ ನೋಡಿ ಉಜ್ಜಿಬಿಟ್ಟರೆ ಮುಗಿಯಿತು. ಬಣ್ಣ ಆದ ಮೇಲೆ ಉಜ್ಜುವ ಸಂಕಟ ಬೇಡ.

ಗೋಡೆ ಕಟ್ಟುವುದು

ಸ್ಟೈರೀನ್ ಪ್ಲಾಸ್ಟಿಕ್ ಆದರೆ ಅದನ್ನೇ ಕರಗಿಸಿ ಬೆಸೆಯುವ ತೆಳು ಸಿಮೆಂಟ್ ಬರುತ್ತದೆ. ಎರಡು ಭಾಗ ಒಟ್ಟಿಗೆ ಹಿಡಿದು, ಸಂದಿಗೆ ಒಳಗಡೆಯಿಂದ ಬ್ರಷ್ ತಾಗಿಸಿದರೆ ತಾನೇ ಹರಿದು ಹೋಗುತ್ತದೆ. ರೆಸಿನ್‌ಗೆ, ಹಿತ್ತಾಳೆಗೆ ಇದು ಹಿಡಿಯುವುದಿಲ್ಲ, ಫೆವಿಕ್ವಿಕ್ ಅಥವಾ ಅರಾಲ್ಡೈಟ್ ಬೇಕು. ಕಾರ್ಡ್ ಕಿಟ್‌ಗೆ ಫೆವಿಕಾಲ್, ಅದೂ ತೆಳುವಾಗಿ.

ಒಂದು ಉದ್ದಗೋಡೆ, ಒಂದು ತುದಿಗೋಡೆ ಸೇರಿಸಿ ಎಲ್ ಆಕಾರ ಮಾಡಿ, ಮೂಲೆಗೆ ಬಡಗಿಯ ಮೂಲೆಮಟ್ಟ ಇಟ್ಟು ನೋಡಿ. ಇಂಥ ಎರಡು ಎಲ್ ಸೇರಿದರೆ ಪೆಟ್ಟಿಗೆ. ನಾಲ್ಕು ಗೋಡೆ ಒಟ್ಟಿಗೆ ನಿಲ್ಲಿಸಲು ಹೋದರೆ ಸೊಟ್ಟ ಆಗುವುದು ಗ್ಯಾರಂಟಿ. ಛಾವಣಿಯನ್ನು ಅಂಟಿಸಲೇಬೇಡಿ! ನೆಲ ಸ್ಕ್ರೂನಲ್ಲಿ ಬಿಚ್ಚುವಂತಿರಬೇಕು, ಇಲ್ಲವೇ ಛಾವಣಿ ತೆಗೆದಿಡುವಂತಿರಬೇಕು. ಎರಡರಲ್ಲಿ ಒಂದು ಕೊನೆಯವರೆಗೂ ತೆರೆದೇ ಇರಲಿ. ಕಿಟ್‌ನ ಚೀಟಿಯಲ್ಲಿ ಬೇರೆ ಥರ ಬರೆದಿದ್ದರೂ ನನ್ನ ಮಾತು ಕೇಳಿ. ಸಂದಿಗಳಿಗೆ ಕಾರಿನವರು ಬಳಸುವ ಎನ್‌ಸಿ ಪುಟ್ಟಿ ಸವರಿ, ಒಣಗಿದ ಮೇಲೆ ವಾಟರ್ ಪೇಪರ್ ಒದ್ದೆ ಮಾಡಿ ಉಜ್ಜಿ.

ಅಡಿಭಾಗದ ಡಬ್ಬಿಗಳು, ಅಂದರೆ ಬ್ಯಾಟರಿ ಪೆಟ್ಟಿಗೆ, ಬ್ರೇಕ್ ಸಿಲಿಂಡರ್, ಆಕ್ಸಲ್‌ನಿಂದ ಬೆಲ್ಟ್‌ನಲ್ಲಿ ತಿರುಗುವ ಆಲ್ಟರ್ನೇಟರ್, ಇವೆಲ್ಲ ಹೇಗಿರುತ್ತವೆ ಅಂತ ಅನುಮಾನ ಬಂದರೆ ಅರಸೀಕೆರೆ ಜಂಕ್ಷನ್‌ಗೆ ಹೋಗಿ. ಗಾಡಿ ನಿಂತ ಪ್ಲಾಟ್‌ಫಾರ್ಮ್‌ನಲ್ಲಲ್ಲ, ಅದರ ಎದುರಿನದರಲ್ಲಿ ನಿಲ್ಲಿ, ಆಗ ಅಡಿಭಾಗ ಪೂರ್ತಿ ಕಾಣುತ್ತದೆ. ಹಳಿಗೆ ಮಾತ್ರ ಇಳಿಯಬೇಡಿ.

ಬಣ್ಣ, ಮತ್ತು ನಮ್ಮ ಮಳೆ

ಮೊದಲು ಬೂದು ಪ್ರೈಮರ್. ಕಾರಿನ ಸ್ಪ್ರೇ ಕ್ಯಾನ್ ನಡೆಯುತ್ತದೆ, ಆದರೆ ಅದರ ಥಿನ್ನರ್ ಜೋರಾಗಿರುತ್ತದೆ, ಒಂದೇ ಸಲಕ್ಕೆ ದಪ್ಪ ಹೊಡೆದರೆ ಸ್ಟೈರೀನ್ ಮೈ ಸುಕ್ಕಾಗುತ್ತದೆ. ಕತ್ತರಿಸಿ ಉಳಿದ ಚೌಕಟ್ಟಿನ ಮೇಲೆ ಹೊಡೆದು ನೋಡಿ, ಆಮೇಲೆ ಕೋಚಿಗೆ. ಒಂದಡಿ ದೂರದಿಂದ, ಕೋಚಿನ ಆಚೆ ಶುರು ಮಾಡಿ ಈಚೆ ನಿಲ್ಲಿಸುವಂತೆ, ಹಗುರವಾಗಿ ಎರಡು ಮೂರು ಕೈ. ಕಿಟಕಿ ತೆರೆದಿರಲಿ, ಮಾಸ್ಕ್ ಇರಲಿ.

ಕಡೂರು, ಅರಸೀಕೆರೆ ಕಡೆಯವರಿಗೆ ಧೂಳೊಂದೇ ಚಿಂತೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದವರ ಕಥೆಯೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಸ್ಪ್ರೇ ಹೊಡೆಯುವುದೆಂದರೆ ಜೂಜು. ಬಣ್ಣದಲ್ಲಿನ ಥಿನ್ನರ್ ಆರುವಾಗ ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿನ ತೇವ ಅಲ್ಲೇ ಕೂರುತ್ತದೆ, ಕಡು ನೀಲಿ ಬಣ್ಣ ಬೂಷ್ಟು ಹಿಡಿದ ಹಾಗೆ ಬೆಳ್ಳಗಾಗುತ್ತದೆ. ಮಳೆಗಾಲದಲ್ಲಿ ಬೋಗಿ, ಸೀಟು, ಗೋಡೆ ಕೆಲಸ ಮಾಡಿಕೊಳ್ಳಿ, ಸ್ಪ್ರೇ ಬಿಸಿಲಿಗೆ ಕಾಯಲಿ. ಕಾಯಲಾಗದವರು ಹೊಳವಾದ ಮಧ್ಯಾಹ್ನ ನೋಡಿ, ಕ್ಯಾನನ್ನು ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತಿಟ್ಟು ಹೊಡೆಯಿರಿ. ಒಲೆಯ ಹತ್ತಿರ ಮಾತ್ರ ಒಯ್ಯಬೇಡಿ, ಸಿಡಿಯುತ್ತದೆ. ಹೊಡೆದ ಮೇಲೆ ಮುಚ್ಚಳ ಇರುವ ಒಣ ಡಬ್ಬದಲ್ಲಿ ಇಡಿ.

ಬಣ್ಣದ ಕ್ರಮ: ತಿಳಿ ಮೊದಲು, ಕಡು ಆಮೇಲೆ. ಕಿಟಕಿ ಸಾಲಿನ ತಿಳಿನೀಲಿ ಹೊಡೆದು, ಕನಿಷ್ಠ ಒಂದು ದಿನ ಒಣಗಿಸಿ. ಆ ಪಟ್ಟಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅಂಚನ್ನು ಉಗುರಿನಿಂದ ಒತ್ತಿ. ಈಗ ಟೇಪಿನ ಅಂಚಿನ ಮೇಲೆ ಮತ್ತೊಮ್ಮೆ ಅದೇ ತಿಳಿನೀಲಿಯನ್ನು ತೆಳುವಾಗಿ ಹೊಡೆಯಿರಿ. ಸೋರುವುದಿದ್ದರೆ ಅದೇ ಬಣ್ಣ ಸೋರಿ ಸಂದಿ ಮುಚ್ಚಿಕೊಳ್ಳುತ್ತದೆ, ಕಾಣುವುದಿಲ್ಲ. ಅದರ ಮೇಲೆ ಗಾಢ ನೀಲಿ. ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪನ್ನು ಹಿಂದಕ್ಕೆ ಮಡಚಿ ನಿಧಾನಕ್ಕೆ ಎಳೆಯಿರಿ. ಗೆರೆ ನೇರ ಬಂದಾಗ ಆಗುವ ಖುಷಿಯೇ ಬೇರೆ.

ನಂಬರು

ನಂಬರಿನ ಡೆಕಾಲ್, ಅಂದರೆ ಅಚ್ಚು ಹಾಕಿದ ತೆಳು ಸ್ಟಿಕ್ಕರ್, ನೀರಲ್ಲಿ ನೆನೆಸಿ ಜಾರಿಸುವ ಥರದ್ದು. ಮ್ಯಾಟ್ ಬಣ್ಣದ ಮೇಲೆ ನೇರ ಹಾಕಿದರೆ ಅಡಿಯಲ್ಲಿ ಗಾಳಿ ಉಳಿದು ಬೆಳ್ಳಿಯಂತೆ ಮಿನುಗುತ್ತದೆ. ಮೊದಲು ಹೊಳಪಿನ ಕ್ಲಿಯರ್ ಕೋಟ್, ಮೇಲೆ ಡೆಕಾಲ್, ಅದು ಒಣಗಿದ ಮೇಲೆ ಮ್ಯಾಟ್ ಕ್ಲಿಯರ್.

ಸುಮ್ನೆ ಯಾವುದೋ ನಂಬರ್ ಹಾಕಬೇಡಿ. ಐದಂಕಿಯ ಕ್ರಮದಲ್ಲಿ ಮೊದಲ ಎರಡು ಅಂಕಿ ತಯಾರಾದ ವರ್ಷ, ಉಳಿದ ಮೂರು ಕೋಚಿನ ಬಗೆ. 200ರಿಂದ ಮುಂದೆ ಸ್ಲೀಪರ್, 400ರಿಂದ ಮುಂದೆ ಜನರಲ್. 08437 ಅಂದರೆ 2008ರ ಜನರಲ್ ಕೋಚ್. ಐಸಿಎಫ್ ಮಾದರಿಯ ಕೋಚ್ ತಯಾರಿಕೆ 2018ರ ಜನವರಿಯಲ್ಲಿ ನಿಂತಿತು, ಹಾಗಾಗಿ 21 ಅಂತ ಶುರುವಾಗುವ ನಂಬರ್ ನಿಮ್ಮ ನೀಲಿ ಕೋಚಿನ ಮೇಲಿದ್ದರೆ ಗೊತ್ತಿದ್ದವರು ನಗುತ್ತಾರೆ. ನಮ್ಮ ಭಾಗದ ಗಾಡಿಗೆ ನೈಋತ್ಯ ರೈಲ್ವೆಯ ಗುರುತು ಹಾಕಿ, ಹಾಸನ, ಚಿಕ್ಕಮಗಳೂರು ಎರಡೂ ಮೈಸೂರು ವಿಭಾಗ.

ಗಾಜು, ಸೀಟು, ಕೊಳೆ

ಕಿಟಕಿ ಗಾಜಿಗೆ ಓಎಚ್‌ಪಿ ಶೀಟ್, ಅಂದರೆ ಸ್ಟೇಷನರಿಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಸಾಕು. ಅಂಟಿಸಲು ಫೆವಿಕ್ವಿಕ್ ಮುಟ್ಟಬೇಡಿ, ಅದರ ಆವಿ ಗಾಜಿನ ಮೇಲೆ ಕೂತು ಮಂಜು ಕವಿದಂತಾಗುತ್ತದೆ, ಒರೆಸಿದರೂ ಹೋಗುವುದಿಲ್ಲ. ಫೆವಿಕಾಲ್‌ನ ಸಣ್ಣ ಚುಕ್ಕಿಗಳು ಸಾಕು. ಅಡ್ಡ ಸರಳುಗಳನ್ನು ಶೀಟಿನ ಮೇಲೆ ತೆಳು ಪೆನ್ನಿನಿಂದ ಗೀರಬಹುದು, ಮೊದಲ ಕೋಚಿಗೆ ಅದೇ ಚೆನ್ನಾಗಿ ಕಾಣುತ್ತದೆ. ಶೌಚಾಲಯದ ಕಿಟಕಿಯ ಶೀಟನ್ನು ಒಳಮೈಯಲ್ಲಿ ವಾಟರ್ ಪೇಪರ್‌ನಿಂದ ಉಜ್ಜಿ ಮಬ್ಬು ಮಾಡಿ. ಸೀಟು ಜಾಸ್ತಿ ತಲೆ ಕೆಡಿಸಿಕೊಳ್ಳುವ ವಿಷಯವಲ್ಲ, ಸ್ಲೀಪರ್ ಆದರೆ ನೀಲಿ ಬರ್ತ್, ಒಂದಷ್ಟು ಜನರನ್ನು ಕಿಟಕಿ ಪಕ್ಕ ಕೂರಿಸಿ, ಅಷ್ಟೇ ಕಾಣುವುದು.

ಕೊನೆಗೆ ಕೊಳೆ. ಹೊಳೆಯುವ ಕೋಚ್ ಆಟಿಕೆಯಂತೆ ಕಾಣುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟದಲ್ಲಿ ಏರು 50ಕ್ಕೆ 1. ಇಳಿಯುವಾಗ ಪೂರ್ತಿ ದಾರಿ ಬ್ರೇಕ್ ಕೆಲಸ, ಅದರ ಕಂದು ಪುಡಿ ಬೋಗಿಗೂ ಕೋಚಿನ ಕೆಳ ಅಂಚಿಗೂ ಮೆತ್ತಿರುತ್ತದೆ. ಕಂದು ಅಕ್ರಿಲಿಕ್ ಬಣ್ಣವನ್ನು ನೀರು ನೀರಾಗಿ ಕಲಸಿ ಬೋಗಿಗೆ ಸವರಿ, ಉಬ್ಬಿದ ಕಡೆ ಬಟ್ಟೆಯಿಂದ ಒರೆಸಿ. ಛಾವಣಿಯ ಅಂಚಿನಿಂದ ಮಳೆನೀರು ಇಳಿದ ಗೆರೆಗಳನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಎಳೆಯಿರಿ. ಸಾಕು ಅನ್ನಿಸುವುದಕ್ಕಿಂತ ಸ್ವಲ್ಪ ಮೊದಲೇ ನಿಲ್ಲಿಸಿ.

ಮೂರು ನಾಲ್ಕು ಕೋಚ್ ಮಾಡುವ ಯೋಚನೆ ಇದ್ದರೆ ಎಲ್ಲದರ ಗಾಢ ನೀಲಿಯನ್ನೂ ಒಂದೇ ದಿನ, ಒಂದೇ ಬ್ಯಾಚಿನ ಕ್ಯಾನ್‌ನಿಂದ ಹೊಡೆಯಿರಿ. ಬೇರೆ ಬ್ಯಾಚಿನದಾದರೆ ಬಣ್ಣ ಒಂದು ಛಾಯೆ ಆಚೀಚೆ ಆಗುತ್ತದೆ. ಕೋಚ್‌ಗಳನ್ನು ಒಂದಕ್ಕೊಂದು ಕೊಂಡಿ ಹಾಕುವ ಕಪ್ಲರ್‌ಗಳ ಎತ್ತರ ತಾಳೆಯಾಗುತ್ತದೋ ನೋಡಿ, ಗಾಡಿ ಜೋಡಿಸಿ, ಮುಂದಕ್ಕೆ ಎಳೆದ ಹಾಗೆಯೇ ಹಿಂದಕ್ಕೂ ತಳ್ಳಿ ನೋಡಿ. ತೂಕದ, ಬೋಗಿಯ ತಪ್ಪೇನಾದರೂ ಉಳಿದಿದ್ದರೆ ಹಿಂದಕ್ಕೆ ತಳ್ಳುವಾಗಲೇ ಸಿಕ್ಕಿಬೀಳುವುದು.