ಹೊಸ ಕ್ಯಾಬಿನ್, 1999ರ ಎಂಜಿನ್: ನನ್ನ ಗ್ಲೈಡರ್ ಟ್ರಕ್ಕಿನ ಅನುಭವ

ಅಮೆರಿಕದ ಇಂಡಿಯಾನಾದ ನನ್ನ ಶೆಡ್ಡಿನಲ್ಲಿ 2014ರಲ್ಲಿ ಕಟ್ಟಿದ ಟ್ರಕ್ಕು, ಎರಡನೆಯ ಬಾರಿ ಎಂಜಿನ್ ಕೂರಿಸಿದ ಮೇಲೆ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿಚ್ಚದೆ ಸುಮಾರು 7 ಲಕ್ಷ ಮೈಲಿ ಓಡಿದೆ. ಕ್ಯಾಬಿನ್, ಚಾಸಿ, ಮುಂದಿನ ಆಕ್ಸಲ್, ವೈರಿಂಗ್, ರೇಡಿಯೇಟರ್ ಎಲ್ಲವೂ ಕಂಪನಿಯಿಂದ ಬಂದ ಹೊಸ ಸಾಮಾನು. ಎಂಜಿನ್ ಮತ್ತು ಗೇರ್‌ಬಾಕ್ಸ್ ಪಲ್ಟಿಯಾದ 1999ರ ಗಾಡಿಯವು. ಹೀಗೆ ಹೊಸ ಕ್ಯಾಬಿನ್-ಚಾಸಿಯ ಕಿಟ್‌ಗೆ ಹಳೆಯ ಎಂಜಿನ್ ಕೂರಿಸಿ ಕಟ್ಟಿದ ಟ್ರಕ್ಕಿಗೆ ಗ್ಲೈಡರ್ ಎನ್ನುತ್ತಾರೆ. ಈ ಯೋಜನೆಯನ್ನು ಹೇಳಿದ ದಿನ ನಮ್ಮ ಭಾವನವರು ಯುಗಾದಿ ಊಟದ ಪಂಕ್ತಿಯಲ್ಲಿಯೇ "ಮದುಮಗಳು ಹೊಸಬಳು, ಮದುಮಗ ಮುದುಕ" ಎಂದು ನಕ್ಕಿದ್ದರು. ಈಗ ಅವರೇ ತಮ್ಮ ಗಾಡಿಗೆ ಹಳೆಯ ಎಂಜಿನ್ ಹುಡುಕಿಕೊಡೆಂದು ಕೇಳುತ್ತಿರುವುದರಿಂದ, ಎಲ್ಲವನ್ನೂ ಒಮ್ಮೆ ಬರೆದಿಡುತ್ತಿದ್ದೇನೆ.

ಆಗ ನನ್ನ ಬಳಿ ಇದ್ದ 2008ರ ಟ್ರಕ್ಕು ತಿಂಗಳಿಗೊಮ್ಮೆಯಾದರೂ ಇ.ಜಿ.ಆರ್. (ಹೊಗೆಯ ಒಂದಂಶವನ್ನು ಮತ್ತೆ ಎಂಜಿನ್ನಿಗೆ ತಿರುಗಿಸುವ ವ್ಯವಸ್ಥೆ) ಅಥವಾ ಡಿ.ಪಿ.ಎಫ್. (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಾರಣಕ್ಕೆ ರಸ್ತೆ ಬದಿ ನಿಲ್ಲುತ್ತಿತ್ತು. ಹೊಸದನ್ನು ಕೊಳ್ಳೋಣವೆಂದರೆ ನನಗೆ ಹೇಳಿದ ಬೆಲೆ ಒಂದು ಲಕ್ಷ ನಲವತ್ತೆಂಟು ಸಾವಿರ ಡಾಲರಿನ ಸುಮಾರು, ಅದರ ಮೇಲೆ 12% ಫೆಡರಲ್ ಎಕ್ಸೈಸ್ ತೆರಿಗೆ ಬೇರೆ. ಹಳೆಯ ಗಾಡಿಯ ದುರಸ್ತಿಗೆ ತಗಲುವ ಖರ್ಚು ಅಂಥದೇ ಹೊಸ ಟ್ರಕ್ಕಿನ ಬೆಲೆಯ 75% ಮೀರದಿದ್ದರೆ ಆ ತೆರಿಗೆ ಬೀಳುವುದಿಲ್ಲ. ಗ್ಲೈಡರ್ ಕಟ್ಟುವುದೂ ಅಂಥ ದುರಸ್ತಿಯೆಂದೇ ಲೆಕ್ಕ; ಅದರ ಹಣಕಾಸೆಲ್ಲ ನಿಂತಿರುವುದು ಈ ಒಂದು ಗೆರೆಯ ಮೇಲೆ. ನನ್ನ ನೆನಪಿನ ಲೆಕ್ಕದಲ್ಲಿ ಕಿಟ್‌ಗೆ 76,000, ಹರಾಜಿನಲ್ಲಿ ಹಿಡಿದ ಪಲ್ಟಿ ಗಾಡಿಗೆ 12,000, ಎಂಜಿನ್ ಕೆಲಸಕ್ಕೆ 11,500, ಗೇರ್‌ಬಾಕ್ಸ್‌ಗೆ 4,000, ಚಿಲ್ಲರೆಗೆ 3,000 ಡಾಲರ್ ಹೋಯಿತು. ಗೆರೆಯಿಂದ ನಾಲ್ಕೈದು ಸಾವಿರ ಡಾಲರಿನಷ್ಟು ಕೆಳಗೆ ಉಳಿದೆ, ಅಷ್ಟೆ. ಎಂಜಿನ್, ಗೇರ್‌ಬಾಕ್ಸ್ ಮತ್ತು ಡ್ರೈವ್ ಆಕ್ಸಲ್ ಈ ಮೂರೂ ಹಳೆಯವಾಗಿದ್ದು, ಅವುಗಳಲ್ಲಿ ಎರಡಾದರೂ ಒಂದೇ ಗಾಡಿಯವಾಗಿರಬೇಕೆಂಬ ನಿಯಮವನ್ನು ಮರೆತವರು ಮುಂದೆ ಕಾಗದಪತ್ರದ ಹೊತ್ತಿನಲ್ಲಿ ಪೇಚಿಗೆ ಸಿಕ್ಕಿದ್ದನ್ನು ಕಂಡಿದ್ದೇನೆ. ಅದಕ್ಕಾಗಿಯೇ ನಾನು ಬಿಡಿ ಎಂಜಿನ್ ಕೊಳ್ಳದೆ ಇಡೀ ಗಾಡಿಯನ್ನೇ ಕೊಂಡೆ.

ಎಂಜಿನ್ ಡೆಟ್ರಾಯಿಟ್ ಸೀರೀಸ್ 60, 12.7 ಲೀಟರ್, ಅದನ್ನು ನಡೆಸುವ ಕಂಪ್ಯೂಟರ್ ಡಿಡೆಕ್ 4. ಇ.ಜಿ.ಆರ್. ಬರುವುದಕ್ಕಿಂತ ಹಿಂದಿನದು. ಇದನ್ನೇ ಏಕೆ ಆರಿಸಿದೆನೆಂದು ಈ ಕಸುಬಿನವರಿಗೆ ಹೇಳಬೇಕಾಗಿಲ್ಲ.

ಮೊದಲ ತಪ್ಪು, ಎಂಜಿನ್ ಕೆಲಸವನ್ನು ಹೊರಗೆ ಕೊಟ್ಟದ್ದು. ಹುಬ್ಬಳ್ಳಿಯಲ್ಲಿ ಅಪ್ಪನ ಗ್ಯಾರೇಜಿನಲ್ಲಿ ಲಾರಿ ಎಂಜಿನ್ ಇಳಿಸುತ್ತ ಬೆಳೆದವನು, ಇಲ್ಲಿಗೆ ಬಂದು ಹತ್ತು ವರ್ಷ ಸ್ಟೀರಿಂಗ್ ಮಾತ್ರ ಹಿಡಿದಿದ್ದರಿಂದ ನನ್ನ ಕೈಯ ಮೇಲೆ ನನಗೇ ನಂಬಿಕೆ ಇರಲಿಲ್ಲ. ಆ ಅಂಗಡಿಯ ಹೆಸರು ಬೇಡ. ಬಣ್ಣ ಹೊಡೆದು ಕಳುಹಿಸಿದ ಎಂಜಿನ್ ನೋಡಲು ಮದುವೆ ಮನೆಯಂತಿತ್ತು. 40,000 ಮೈಲಿ ಆಗುವಷ್ಟರಲ್ಲಿ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಇಳಿಯತೊಡಗಿತು. ಏರಿನಲ್ಲಿ ಎಳೆದು ಬಂದು ನಿಲ್ಲಿಸಿ ಕೂಲೆಂಟ್ ತುಂಬುವ ಸರ್ಜ್ ಟ್ಯಾಂಕಿನ ಮುಚ್ಚಳ ತೆಗೆದರೆ ಗುಳ್ಳೆಗಳು ಕುದಿಯುವ ಸಾರಿನಂತೆ ಏಳುತ್ತಿದ್ದವು. ಅಂಗಡಿಯವರು "ನೀವೇ ಹೀಟ್ ಮಾಡಿದ್ದೀರಿ" ಎಂದು ಕೈ ತೊಳೆದುಕೊಂಡರು.

ಹೆಡ್ ಬಿಚ್ಚಿದ್ದು ನಾನೇ. ಎರಡು ವಾಲ್ವ್ ಸೀಟುಗಳ ನಡುವೆ ಬಿರುಕು ಬರಿಗಣ್ಣಿಗೇ ಕಾಣುತ್ತಿತ್ತು. ಅದನ್ನು ಸರಿಯಾಗಿ ಪರೀಕ್ಷಿಸದೆಯೇ ಹಾಕಿದ್ದರೆಂಬುದು ನನ್ನ ಅನುಮಾನ. ಆದರೆ ಹೆಡ್ ಒಂದನ್ನೇ ಬದಲಿಸಿ ಮುಚ್ಚಿದ್ದರೆ ಮತ್ತೆ ಅದೇ ಕಥೆಯಾಗುತ್ತಿತ್ತು. ಬ್ಲಾಕಿನ ಮೇಲ್ಮೈಯನ್ನು ಒರೆಸಿ, ಪಿಸ್ಟನ್ ಓಡಾಡುವ ಕೊಳವೆಗಳಾದ ಲೈನರ್‌ಗಳನ್ನು ಒತ್ತಿ ಹಿಡಿದು, ಡಯಲ್ ಗೇಜ್ ಇಟ್ಟು ಒಂದೊಂದರ ಎತ್ತರವನ್ನು ನಾಲ್ಕು ಕಡೆ ನೋಡಿದೆ. 4ನೆಯ ಸಿಲಿಂಡರಿನ ಬಳಿ ಮುಳ್ಳು ಕುಸಿಯಿತು: ಅಕ್ಕಪಕ್ಕದವುಗಳಿಗಿಂತ 3 ಥೌ (ಇಂಚಿನ ಸಾವಿರದಲ್ಲಿ ಮೂರು ಭಾಗ) ಕೆಳಗೆ, ಅದೂ ಒಂದು ಬದಿಗೆ ಹೆಚ್ಚು. ಪಕ್ಕಪಕ್ಕದ ಲೈನರ್‌ಗಳಲ್ಲಿ 2 ಥೌ ಮೀರಿದ ವ್ಯತ್ಯಾಸವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅಲ್ಲಿ ಗ್ಯಾಸ್ಕೆಟ್ ಕಚ್ಚಿ ಕೂರುವುದೇ ಇಲ್ಲ. ಲೈನರ್ ಕೂರುವ ಮೆಟ್ಟಿಲನ್ನು ಸಮಮಾಡಿಸಿ ಶಿಮ್ (ಎತ್ತರ ಸರಿಪಡಿಸುವ ತೆಳು ಲೋಹದ ಪಟ್ಟಿ) ಕೊಡಬೇಕಾಯಿತು. ಮೊದಲ ಶಿಮ್ ಹಾಕಿ ನೋಡಿದಾಗ ಅಳತೆ ಇನ್ನೂ ಕೆಟ್ಟಿತು. ಕಾರಣ ಹುಡುಕಿದರೆ ಅಡಿಯಲ್ಲಿ ಉಗುರಿನ ತುದಿಯಷ್ಟು ಹಳೆಯ ಕಿಲುಬು ಉಳಿದಿತ್ತು, ಅದು ನನ್ನದೇ ಅವಸರ. ಕೊನೆಗೆ ಆರೂ ಲೈನರ್‌ಗಳನ್ನು ಒಂದು ಥೌ ಒಳಗೆ ತಂದು ನಿಲ್ಲಿಸಿದೆ. ಇಂಧನ ಚಿಮ್ಮಿಸುವ ಇಂಜೆಕ್ಟರ್‌ಗಳು ಕೂರುವ ಕಪ್‌ಗಳನ್ನು ಕೂರಿಸಲು ನಾನು ಅನುಸರಿಸಿದ ಕ್ರಮ ಪುಸ್ತಕದಲ್ಲಿರುವುದಲ್ಲ. ಅದನ್ನು ಇಲ್ಲಿ ಬರೆಯುವುದೂ ಇಲ್ಲ. ಆ ಕಪ್‌ಗಳು ಈವರೆಗೆ ಒಂದು ತೊಟ್ಟೂ ಸೋರಿಲ್ಲವೆಂದಷ್ಟೇ ಹೇಳಬಲ್ಲೆ.

ಈ ಎರಡನೆಯ ಸುತ್ತಿಗೆ ಹೆಡ್, ಲೈನರ್-ಪಿಸ್ಟನ್, ಬೇರಿಂಗ್, ಇಂಜೆಕ್ಟರ್ ಎಲ್ಲ ಸೇರಿ ಇನ್ನೂ 9,000 ಡಾಲರ್ ಆಯಿತು. ಆರು ವಾರ ಗಾಡಿ ನಿಂತ ನಷ್ಟವನ್ನು ನಾನು ಬರೆದಿಟ್ಟಿಲ್ಲ, ಮನೆಯಾಕೆ ಬರೆದಿಟ್ಟಿದ್ದಾಳೆ.

ಎಂಜಿನ್ನಿಗಿಂತಲೂ ನನ್ನನ್ನು ಹೆಚ್ಚು ಸತಾಯಿಸಿದ್ದು ವೈರಿಂಗ್. ಸ್ಟಾರ್ಟ್ ಮಾಡಿದಾಗ ಒಮ್ಮೊಮ್ಮೆ ಎಂಜಿನ್ನಿನ ಸುತ್ತುಗಳನ್ನು ತೋರಿಸುವ ಟ್ಯಾಕೋಮೀಟರ್ ಮುಳ್ಳು ಬಿದ್ದುಹೋಗುತ್ತಿತ್ತು, ಎಂಜಿನ್ ಎರಡು ಸೆಕೆಂಡು ಬಿಟ್ಟು ಹಿಡಿಯುತ್ತಿತ್ತು. ಹಳೆಯ ಕಂಪ್ಯೂಟರಿಗೂ ಹೊಸ ಡ್ಯಾಶ್‌ಬೋರ್ಡಿಗೂ ಭಾಷೆ ಹೊಂದುತ್ತಿಲ್ಲವೆಂದು ಭಾವಿಸಿ, ಮೂರು ವಾರ ಡೇಟಾ ತಂತಿಗಳ ಹಿಂದೆ ಬಿದ್ದೆ. ನಿಜವಾದ ತಪ್ಪು ನನ್ನದಾಗಿತ್ತು: ಎಂಜಿನ್ ಕಂಪ್ಯೂಟರಿಗೆ ಬ್ಯಾಟರಿಯಿಂದ ನೇರವಾಗಿ ಕೊಡಬೇಕಾದ ಕರೆಂಟನ್ನು ಕ್ಯಾಬಿನ್ನಿನ ಪವರ್ ಪೋಸ್ಟಿನಿಂದ ಕೊಟ್ಟಿದ್ದೆ. ಒಂದು ರಾತ್ರಿ ಮಗನಿಗೆ ಕೀ ತಿರುಗಿಸಲು ಹೇಳಿ ಮೀಟರ್ ಹಿಡಿದು ಕುಳಿತಾಗ, ಸ್ಟಾರ್ಟರ್ ಎಳೆದ ಕ್ಷಣ 12.6 ವೋಲ್ಟ್ ಇದ್ದದ್ದು 8ರ ಆಸುಪಾಸಿಗೆ ಇಳಿಯಿತು. ಫ್ಯೂಸ್ ಸಮೇತ ತಂತಿಯನ್ನು ನೇರ ಬ್ಯಾಟರಿಗೆ ಎಳೆದೆ, ಖರ್ಚು 40 ಡಾಲರ್.

ನಡುವೆ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. 58-60 ಮೈಲಿ ವೇಗದಲ್ಲಿ ಸೀಟಿನಡಿ ಸಣ್ಣ ನಡುಕವಿತ್ತು. ಎಲ್ಲರೂ ಟೈರ್ ಬ್ಯಾಲೆನ್ಸ್ ಮಾಡಿಸು ಎಂದರು. ನಾನು ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಹೌಸಿಂಗಿನ ಕೋನಗಳನ್ನು ಅಳೆದು, ಎಂಜಿನ್ ಮೌಂಟಿನಡಿ ತೆಳುವಾದ ಶಿಮ್‌ಗಳನ್ನು ಒಂದೊಂದಾಗಿ ಸೇರಿಸುತ್ತ ಪ್ರತಿ ಬಾರಿ ಇಪ್ಪತ್ತು ಮೈಲಿ ಓಡಿಸಿ ನೋಡಿದೆ. ನಾಲ್ಕನೆಯ ಬಾರಿಗೆ ನಡುಕ ಅಡಗಿತು. ಬೈಪಾಸ್ ಆಯಿಲ್ ಫಿಲ್ಟರ್ ಹಾಕಿ, ಆಯಿಲ್ ಮಾದರಿಯನ್ನು ಲ್ಯಾಬಿಗೆ ಕಳುಹಿಸುತ್ತ ಬದಲಿಸುವ ಅಂತರವನ್ನು 25,000 ಮೈಲಿಗೆ ಏರಿಸಿದ್ದೂ ಆಗಲೇ; ಅದರಿಂದ ಉಳಿದ ಹಣ ಫಿಲ್ಟರಿನ ಬೆಲೆಗೆ ಸರಿಹೋಯಿತೇ ಹೊರತು ಲಾಭವೆಂದು ಹೇಳಲಾರೆ.

ಹಿಂದಿನ ಗಾಡಿ ಗ್ಯಾಲನ್ನಿಗೆ 6 ಮೈಲಿ ಕೊಡುತ್ತಿತ್ತು, ಇದು 6.9ರ ಹತ್ತಿರ ಕೊಡುತ್ತಿದೆ. ಟೆನ್ನೆಸಿಯಲ್ಲಿ ಐ-24ರ ಮಾಂಟ್‌ಈಗಲ್ ಏರನ್ನು 78,000 ಪೌಂಡ್ ಹೊತ್ತು ಹತ್ತುವಾಗ ನೀರಿನ ಬಿಸಿ ಏರುವುದಿಲ್ಲ. ಶಿರಾಡಿ ಘಾಟಿಯಲ್ಲಿ ಬಾನೆಟ್ ಎತ್ತಿ ನಿಂತ ಲಾರಿಗಳನ್ನು ನೋಡಿದವರಿಗೆ ಆ ಸಮಾಧಾನ ಅರ್ಥವಾದೀತು. ಎಂಜಿನ್ 2000ಕ್ಕಿಂತ ಹಿಂದಿನ ಮಾಡೆಲ್ ಆದ್ದರಿಂದ 2017ರ ಡಿಸೆಂಬರಿನಲ್ಲಿ ಕಡ್ಡಾಯವಾದ, ಚಾಲಕನ ದುಡಿಮೆಯ ಗಂಟೆ ದಾಖಲಿಸುವ ಎಲೆಕ್ಟ್ರಾನಿಕ್ ಲಾಗ್ ಯಂತ್ರವೂ ಇದಕ್ಕೆ ಬೇಕಾಗಲಿಲ್ಲ, ಅದನ್ನು ನಾನು ಎಣಿಸಿಯೇ ಇರಲಿಲ್ಲ. ಕ್ಯಾಲಿಫೋರ್ನಿಯಾದ ಲೋಡನ್ನು ಮಾತ್ರ ಮುಟ್ಟುವುದಿಲ್ಲ, ಅಲ್ಲಿ 2010ರ ಮಟ್ಟದ ಎಂಜಿನ್ ಬೇಕೇಬೇಕು. ಈ ಹಳೆಯ ಎಂಜಿನ್ ಹೊಸದಕ್ಕಿಂತ ಹಲವು ಪಟ್ಟು ಹೆಚ್ಚು ಹೊಗೆ-ವಿಷ ಉಗುಳುತ್ತದೆಂಬ ಮಾತು ಸುಳ್ಳಲ್ಲ. ಪರಿಸರ ಇಲಾಖೆಯ 2016ರ ನಿಯಮದಿಂದಾಗಿ 2018ರಿಂದ ಇಂಥ ಎಂಜಿನ್ನಿನ ಗ್ಲೈಡರ್‌ಗಳಿಗೆ ಸಣ್ಣ ತಯಾರಕನೊಬ್ಬನಿಗೆ ವರ್ಷಕ್ಕೆ ಹೆಚ್ಚೆಂದರೆ 300ರ ಮಿತಿ ಬಿದ್ದಾಗ ನನಗೆ ಸಿಟ್ಟು ಬಂದಿತ್ತು, ಅಚ್ಚರಿಯಾಗಿರಲಿಲ್ಲ.

ಹಾಗಾಗಿ ಭಾವನವರಿಗೆ ಹೊಸ ಕಿಟ್‌ನ ಆಸೆ ಬಿಡಿಸಿ, ಅವರ 2001ರ ಗಾಡಿಯಲ್ಲಿರುವ ಎಂಜಿನ್ನನ್ನೇ ಇಳಿಸಿ ಸರಿಮಾಡಲು ಒಪ್ಪಿಸಿದ್ದೇನೆ. ಹೆಡ್ ಹೋದ ವಾರ ಪರೀಕ್ಷೆಗೆ ಹೋಯಿತು. ಬ್ಲಾಕಿನ ಮೇಲೆ ಡಯಲ್ ಗೇಜ್ ಹಿಡಿಯುವ ಕೆಲಸವನ್ನು ಅವರಿಗೇ ವಹಿಸಿದ್ದೇನೆ.