ಕುಂಜುಮ್ ಮುಚ್ಚಿದ ದಿನ

ಅಕ್ಟೋಬರ್ ಕೊನೆ ವಾರ. ಹಿಮಾಚಲದ ಸ್ಪಿತಿ ಕಣಿವೆಯ ಕಾಜಾದಲ್ಲಿ ಎರಡು ದಿನ ಒಳ್ಳೆ ಬಿಸಿಲು. ಮೂರನೇ ದಿನ ಮಧ್ಯಾಹ್ನ ಬೆಟ್ಟಗಳ ತುದಿ ಮೋಡದಲ್ಲಿ ಮುಚ್ಚಿಹೋಯಿತು. ನಾವಿದ್ದ ಮನೆಯ ಅಜ್ಜಿ ಹೊರಗೆ ಬಂದು ಒಮ್ಮೆ ಮೇಲೆ ನೋಡಿದರು. ಆಮೇಲೆ ಮಾತಿಲ್ಲದೆ ಅಂಗಳದ ಬೆರಣಿಯನ್ನೆಲ್ಲ ಒಳಗೆ ಸಾಗಿಸತೊಡಗಿದರು. ನನ್ನ ಫೋನು ಮಾತ್ರ ಇನ್ನೂ ಸೂರ್ಯನ ಚಿತ್ರ ತೋರಿಸುತ್ತಿತ್ತು.

ಜುಲೈನಲ್ಲಿ ಆಗುಂಬೆ ಘಾಟಿ ಇಳಿದವನು ನಾನು, ಮಳೆ ಏನು ಮಹಾ ಅನ್ನೋ ಜಂಬವಿತ್ತು. ಆದರೆ ಇದು ನಮ್ಮ ಮುಂಗಾರಿನ ಮೋಡವಲ್ಲ. ಮೆಡಿಟರೇನಿಯನ್ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್, ಅಂದರೆ ಪಶ್ಚಿಮದಿಂದ ಬರುವ ಚಳಿಗಾಲದ ಮಳೆ-ಹಿಮದ ವಾಯುಭಾರ ಕುಸಿತ. ಕೆಳಗಿನ ಕಣಿವೆಯಲ್ಲಿ ಮಳೆ, ಮೇಲೆ ಹಿಮ. ಬೆಳಿಗ್ಗೆ ಕಾಜಾದಲ್ಲೇ ನಾಲ್ಕು ಬೆರಳು ಹಿಮ ಬಿದ್ದಿತ್ತು. ಮನಾಲಿ ದಾರಿಯಲ್ಲಿ ಬೆಟ್ಟ ಹತ್ತಿ ದಾಟಬೇಕಾದ, 4,500 ಮೀಟರ್ ಮೀರಿದ ಕುಂಜುಮ್ ಪಾಸ್ ಹೇಗಿರಬೇಡ! ಪಾಸ್‌ಗೆ ಮೊದಲು ಸಿಗುವ ಲೋಸರ್ ಊರಿನಿಂದ ಆಚೆ ಗಾಡಿ ಬಿಡುತ್ತಿಲ್ಲ ಅಂತ ಟ್ಯಾಕ್ಸಿಯವರು ಹೇಳಿದರು.

ಕುಂಜುಮ್ ದಾಟಿದರೆ ಕಾಜಾದಿಂದ ಮನಾಲಿ ಸುಮಾರು 200 ಕಿ.ಮೀ. ಕಿನ್ನೌರ್ ಸುತ್ತಿ ಶಿಮ್ಲಾಗೆ ಹೋದರೆ 400ಕ್ಕೂ ಜಾಸ್ತಿ. ಇನ್ನೊಂದು ದಿನ ಕಾಯೋಣ ಅಂದ ಗೆಳೆಯ. ನಾನು ಉದ್ದದ ದಾರಿಯನ್ನೇ ಹಿಡಿದೆ. ಆ ದಾರಿಯಲ್ಲಿ ಅಂಥ ಪಾಸ್ ಹತ್ತೋದಿಲ್ಲ, ಒಟ್ಟಿನಲ್ಲಿ ಇಳಿಯುತ್ತಾ ಹೋಗುತ್ತೇವೆ, ಅಷ್ಟೇ ಲೆಕ್ಕ.

ಹೊರಡುವ ಮೊದಲೇ ಎಡವಟ್ಟು. ರಾತ್ರಿ ಊರಿನ ಅಭ್ಯಾಸದಂತೆ ಹ್ಯಾಂಡ್‌ಬ್ರೇಕ್ ಎಳೆದಿದ್ದೆ. ಒದ್ದೆ ಬ್ರೇಕ್ ಹಾಗೇ ಹೆಪ್ಪುಗಟ್ಟಿ ಹಿಂದಿನ ಚಕ್ರ ತಿರುಗಲೇ ಇಲ್ಲ. ಗಾಜಿನ ಹಿಮ ಕರಗಿಸಲು ಗೆಳೆಯ ಬಿಸಿನೀರಿನ ಕೆಟಲ್ ಹಿಡಿದು ಓಡಿ ಬಂದ. ಪಕ್ಕದ ಡ್ರೈವರ್ ಅವನ ಕೈ ಹಿಡಿದು ನಿಲ್ಲಿಸಿದರು. ಸುರಿದಿದ್ದರೆ ಗಾಜು ಬಿರುಕು ಬಿಡುತ್ತಿತ್ತು. ಇಲ್ಲಿ ಗಾಡಿಯನ್ನು ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಬೇಕು ಅಂತ ತೋರಿಸಿ, ಒಂದು ಚಪ್ಪಟೆ ಕಲ್ಲನ್ನೇ ಕೈಗಿಟ್ಟರು.

‘ಹತ್ತು ಗಂಟೆ ಆಗದೆ ಹೊರಡಬೇಡಿ, ಪಾಲಾ ಇರುತ್ತೆ’ ಅಂದರು. ಹಗಲು ರಸ್ತೆ ಮೇಲೆ ಹರಿದ ನೀರು ರಾತ್ರಿ ಕಟ್ಟಿ ಗಾಜಿನ ಪದರವಾಗುತ್ತದೆ, ಅದೇ ಪಾಲಾ. ಬೇಸಿಗೆಯಲ್ಲಾದರೆ ಹಿಮ ಕರಗಿ ರಸ್ತೆಗೆ ಅಡ್ಡ ಹರಿಯುವ ತೊರೆಗಳಲ್ಲಿ ನೀರೇರುವ ಮೊದಲು, ಬೆಳಗಿನ ಜಾವವೇ ದಾಟಬೇಕು. ಈಗ ಪೂರಾ ಉಲ್ಟಾ.

ಆದರೂ ತಾಬೋ ದಾಟಿದ ಮೇಲೆ ಒಂದು ನೆರಳಿನ ತಿರುವಿನಲ್ಲಿ ಸಿಕ್ಕೇಬಿಟ್ಟಿತು. ಟಾರು ಸುಮ್ನೆ ಒದ್ದೆಯಾದಂತೆ ಕಂಡಿತ್ತು, ಅಷ್ಟೇ. ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರಾಯಿತು. ಎಡಗಡೆ ಬೆಟ್ಟ, ಬಲಗಡೆ ನೂರಾರು ಅಡಿ ಕೆಳಗೆ ನದಿ. ಕಾಲು ತಾನಾಗಿ ಬ್ರೇಕಿನ ಕಡೆ ಹೋಯಿತು. ಒತ್ತಲಿಲ್ಲ. ಎರಡನೇ ಗೇರಿನಲ್ಲಿದ್ದೆ, ವೇಗ ಇಪ್ಪತ್ತರ ಒಳಗೆ. ಸ್ಟಿಯರಿಂಗ್ ನೇರ ಹಿಡಿದು ಬಿಟ್ಟೆ. ಕಾರು ಬೆಟ್ಟದ ಕಡೆಗೇ ಜಾರಿ ಚರಂಡಿಯ ಅಂಚಿಗೆ ತಾಗಿ ನಿಂತಿತು. ಗೆಳೆಯ ಹತ್ತು ನಿಮಿಷ ಮಾತಾಡಲಿಲ್ಲ. ಅವನು ಸುಮ್ಮನಿದ್ದದ್ದು ಇಡೀ ಪ್ರವಾಸದಲ್ಲಿ ಅದೊಂದೇ ಸಲ.

ರಾತ್ರಿ ನಾಕೋದಲ್ಲಿ ಉಳಿದೆವು. ಮರುದಿನ ಇಳಿಯುತ್ತಿದ್ದಂತೆ ಹಿಮ ಹೋಗಿ ಮಳೆ ಶುರುವಾಯಿತು. ಸ್ಪಿತಿ ನದಿ ಸಟ್ಲೆಜ್ ಸೇರುವ ಖಾಬ್ ಹತ್ತಿರ ಬರುವಾಗ ಜೋರಾಯಿತು. ಸದ್ಯ, ಹಿಮ ಮುಗೀತಲ್ಲ ಅಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಹೆದರಿಕೆಯಾದದ್ದು ಅಲ್ಲೇ. ಆ ಬೆಟ್ಟಗಳಿಗೆ ಗಿಡ-ಮರದ ಹಿಡಿತವಿಲ್ಲ, ಮಳೆ ಬಿದ್ದರೆ ಕಲ್ಲು ಉದುರುತ್ತದೆ. ಹಾಡು ನಿಲ್ಲಿಸಿ, ಚಳಿಯಲ್ಲೂ ಕಿಟಕಿ ಇಳಿಸಿದೆ. ಮೊದಲು ಚಿಕ್ಕ ಹರಳುಗಳ ಸದ್ದು ಬರುತ್ತದೆ, ಅದು ಕೇಳಬೇಕಿತ್ತು. ಒಂದು ಕಡೆ ಕೇಳಿತು. ನಿಂತೆವು. ನೋಡನೋಡುತ್ತಿದ್ದಂತೆ ಕುಕ್ಕರಿನಷ್ಟು ದಪ್ಪದ ಕಲ್ಲೊಂದು ಮುಂದೆ ಪುಟಿದು ನದಿಗೆ ಹಾರಿತು. ಮಳೆ ಸಣ್ಣಗಾಗುವವರೆಗೆ ಒಂದು ಗಂಟೆ ಅಲ್ಲೇ ಕೂತು ಖರ್ಜೂರ ತಿಂದೆವು.

ಸಂಜೆ ರೆಕಾಂಗ್ ಪಿಯೋ ತಲುಪಿದೆವು. ಅಲ್ಲಿ ಅಷ್ಟು ಚಳಿಯಿರಲಿಲ್ಲ. ಆದರೂ ನಾನು ಕಾರನ್ನು ಗೇರ್‌ನಲ್ಲಿ ಬಿಟ್ಟು, ಡಿಕ್ಕಿಯಿಂದ ಕಾಜಾದ ಆ ಚಪ್ಪಟೆ ಕಲ್ಲು ತೆಗೆದು ಚಕ್ರಕ್ಕೆ ಕೊಟ್ಟೆ.