ಕಾಂಕ್ರೀಟಿನೊಳಗೆ 1,400 ಅಡಿ ಪೈಪು

ಅಮೆರಿಕದ ಮಿನ್ನೆಸೋಟದಲ್ಲಿ, ಸುಪೀರಿಯರ್ ಸರೋವರದ ದಂಡೆಯ ಡುಲೂತ್‌ನಲ್ಲಿ, ಆರು ಚಳಿಗಾಲ ಬಾಡಿಗೆ ಮನೆಯಲ್ಲಿ ಕಳೆದೆವು. ಆರೂ ವರ್ಷ ನನ್ನ ದೂರು ಒಂದೇ. ಫರ್ನೇಸಿನ ಬಿಸಿಗಾಳಿ ಮುಖಕ್ಕೆ ಬಡಿಯುತ್ತದೆ, ಮೂಗು ಒಣಗುತ್ತದೆ, ಪಾದ ಮಾತ್ರ ಮರಗಟ್ಟಿಯೇ ಇರುತ್ತದೆ. ತೀರ್ಥಹಳ್ಳಿ ಕಡೆಯವನಾದ ನನಗೆ ಬೆಚ್ಚನೆಯ ನೆಲ ಎಂದರೆ ಬಚ್ಚಲುಮನೆ. ಹಂಡೆ ಒಲೆ ಪಕ್ಕದ ಕಲ್ಲುಚಪ್ಪಡಿ, ಬೆಕ್ಕು ಬಿಟ್ಟು ಕದಲದ ಜಾಗ. ಊರ ಹೊರಗೆ ಜಾಗ ಕೊಂಡು ನಾವೇ ಮನೆ ಕಟ್ಟಿಕೊಳ್ಳುವುದೆಂದು ತೀರ್ಮಾನವಾದಾಗ ಹೆಂಡತಿಗೆ ಹೇಳಿದೆ, ಗೋಡೆ ಹೇಗಾದರೂ ಇರಲಿ, ನೆಲ ಬೆಚ್ಚಗಿರಬೇಕು.

ಇದೇನೂ ಹೊಸ ವಿದ್ಯೆಯಲ್ಲ. ಕೊರಿಯಾದವರು ಒಲೆಯ ಹೊಗೆಯನ್ನೇ ನೆಲದಡಿ ಹಾಯಿಸಿ ಕೋಣೆ ಬೆಚ್ಚಗಿಡುತ್ತಿದ್ದರು, ಅದಕ್ಕೆ ಓಂಡೋಲ್ ಎನ್ನುತ್ತಾರೆ. ಜಪಾನಿನಲ್ಲಿ ಅಂಥದೊಂದು ಕೋಣೆಯಲ್ಲಿ ಕೂತೆದ್ದ ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅದನ್ನು ಮರೆಯಲಿಲ್ಲ; ನಮ್ಮ ಪಕ್ಕದ ರಾಜ್ಯ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ 1937ರಲ್ಲಿ ಕಟ್ಟಿಸಿದ ಜೇಕಬ್ಸ್ ಮನೆಯ ನೆಲದಡಿ ಪೈಪು ಹಾಯಿಸಿ ಕಾಯಿಸುವ ವ್ಯವಸ್ಥೆ ಮಾಡಿದರು. ಆಗ ಕಬ್ಬಿಣದ ಪೈಪು, ಈಗ ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪು. ಬಾಯ್ಲರ್ ಕಾಯಿಸಿದ ನೀರನ್ನು ಪುಟ್ಟ ಪಂಪು ನೆಲದೊಳಗೆ ಸುತ್ತಿಸುತ್ತದೆ, ಅಷ್ಟೆ.

ಮೊದಲು ಸಿಕ್ಕ ಗುತ್ತಿಗೆದಾರ ಮನೆಯ ನಕ್ಷೆಯನ್ನು ಬಿಡಿಸಿಯೂ ನೋಡದೆ 1,50,000 ಬಿಟಿಯು ಬಾಯ್ಲರ್ ಬೇಕೆಂದ. (ಬಿಟಿಯು ಎಂದರೆ ಇಲ್ಲಿ ಶಾಖ ಅಳೆಯುವ ಮಾನ.) ನಾನು ರಾತ್ರಿ ಕೂತು ಗೋಡೆ, ಕಿಟಕಿ, ಸೂರು ಎಲ್ಲದರಿಂದ ಎಷ್ಟೆಷ್ಟು ಶಾಖ ಸೋರುತ್ತದೆಂದು ಲೆಕ್ಕ ಹಾಕಿದೆ. ಹೊರಗೆ ಸೊನ್ನೆಗಿಂತ 29 ಡಿಗ್ರಿ ಕೆಳಗಿಳಿದ ದಿನವೂ ನಮ್ಮ 1,200 ಚದರಡಿಗೆ ಬೇಕಾಗಿದ್ದು ಗಂಟೆಗೆ 30,000 ಬಿಟಿಯು. ಕೊಂಡದ್ದು 55,000ದ್ದು. ದೊಡ್ಡದಿದ್ದರೆ ಒಳ್ಳೆಯದಲ್ಲವೇ ಎನ್ನುವವರಿದ್ದಾರೆ. ಅಲ್ಲ. ಅಗತ್ಯಕ್ಕಿಂತ ದೊಡ್ಡ ಬಾಯ್ಲರ್ ಐದು ನಿಮಿಷ ಉರಿದು ಆರುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ; ಗ್ಯಾಸೂ ದಂಡ, ಬಾಯ್ಲರಿನ ಆಯುಸ್ಸೂ ಕಡಿಮೆ. ಇನ್ನೊಂದು ಲೆಕ್ಕವನ್ನೂ ಇಲ್ಲಿಯೇ ನೋಡಿಕೊಳ್ಳಬೇಕು. ಕೋಣೆಗಿಂತ ನೆಲ ಒಂದು ಡಿಗ್ರಿ ಬಿಸಿಯಿದ್ದರೆ ಪ್ರತಿ ಚದರ ಮೀಟರಿನಿಂದ ಸುಮಾರು 11 ವಾಟ್ ಶಾಖ ಏಳುತ್ತದೆ. ಕೋಣೆ 20ರಲ್ಲಿರಬೇಕಾದರೆ ನಮ್ಮ ನೆಲ ಕಡುಚಳಿಯಲ್ಲಿ 27ಕ್ಕೆ ಬಂದರೆ ಸಾಕು. 29 ದಾಟಿದರೆ ಬರಿಗಾಲಿಗೆ ಹಿತವಿರುವುದಿಲ್ಲ. ಲೆಕ್ಕದಲ್ಲಿ ನೆಲ 33 ಬೇಕೆಂದು ಬಂತೋ, ಆಗ ಪೈಪು ಹೆಚ್ಚಿಸುವುದಲ್ಲ, ಗೋಡೆಗೆ ಇನ್ಸುಲೇಷನ್ ಹೆಚ್ಚಿಸಬೇಕು.

ಇಲ್ಲಿ ಚಳಿಗೆ ಮಣ್ಣೂ ಹೆಪ್ಪುಗಟ್ಟುವುದರಿಂದ ಅಡಿಪಾಯ ಐದಡಿ ಇಳಿಯಬೇಕು. ಅದರೊಳಗೆ ಜಲ್ಲಿ ತುಂಬಿ ದಮ್ಮಸ್ಸು ಹೊಡೆದು, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಎರಡಿಂಚಿನ ಫೋಮ್ ಹಲಗೆ ಹಾಸಿದೆವು. ಥರ್ಮೋಕೋಲಿನಂತೆ ಕೈಯಲ್ಲಿ ಪುಡಿಯಾಗುವ ಜಾತಿಯಲ್ಲ, ಮೇಲೆ ನಡೆದರೂ ತಗ್ಗದಷ್ಟು ಗಟ್ಟಿ. ಎಲ್ಲರೂ ನೆಲದ ಕೆಳಗೆ ಫೋಮ್ ಹಾಕುತ್ತಾರೆ, ಅಂಚಿಗೆ ಮರೆಯುತ್ತಾರೆ. ನಮ್ಮ ನೆರೆಯವರ ಗ್ಯಾರೇಜಿಗೂ ಇದೇ ಬಗೆಯ ನೆಲ. ಸುತ್ತ ಮೂರಡಿ ಹಿಮವಿದ್ದರೂ ಅದರ ಗೋಡೆಯ ಬುಡದಲ್ಲಿ ಮಾತ್ರ ಒಂದು ಗೇಣು ಅಗಲ ಹಸಿ ಮಣ್ಣು ಕಾಣುತ್ತಿತ್ತು, ಹುಲ್ಲು ಕೂಡ. ಅಂಚಿಗೆ ಫೋಮ್ ಇಲ್ಲದ್ದರಿಂದ ಅವರು ದುಡ್ಡು ಕೊಟ್ಟ ಶಾಖ ಅಂಗಳದ ಹಿಮ ಕರಗಿಸುತ್ತಿತ್ತು. ಅದನ್ನು ಕಂಡಿದ್ದರಿಂದ ನಾನು ಕಾಂಕ್ರೀಟೂ ಗೋಡೆಯೂ ತಾಗುವ ಜಾಗದಲ್ಲೆಲ್ಲ ಫೋಮ್ ನಿಲ್ಲಿಸಿದೆ, ಬಾಗಿಲ ಹೊಸ್ತಿಲ ಕೆಳಗೂ.

ಪೈಪಿನ ವಿಷಯದಲ್ಲಿ ನಾನೇ ಮೋಸ ಹೋಗುತ್ತಿದ್ದೆ. ಅಂಗಡಿಯಲ್ಲಿ ಕೆಂಪು ಪೆಕ್ಸ್ ಅಗ್ಗಕ್ಕಿತ್ತು. ಕೆಂಪೆಂದರೆ ಬಿಸಿನೀರಿನದ್ದು, ಸರಿಯಾಗಿದೆ ಎಂದುಕೊಂಡು ಗಾಡಿಗೆ ಏರಿಸಿದ್ದೆ. ಅದು ನಲ್ಲಿ ನೀರಿಗೆ ಮಾಡಿದ್ದು. ಅದರ ಗೋಡೆಯ ಮೂಲಕ ಗಾಳಿಯ ಆಮ್ಲಜನಕ ನಿಧಾನವಾಗಿ ನೀರಿಗೆ ಸೇರುತ್ತದೆ. ಅದೇ ನೀರು ವರ್ಷಗಟ್ಟಲೆ ಸುತ್ತುವ ನಮ್ಮ ವ್ಯವಸ್ಥೆಯಲ್ಲಿ ಹಾಗಾದರೆ ಎರಕದ ಕಬ್ಬಿಣದ ಪಂಪು ತುಕ್ಕು ಹಿಡಿಯುತ್ತದೆ. ಆಮ್ಲಜನಕ ತಡೆಯುವ ಪದರವಿರುವ ಪೈಪೇ ಬೇಕು. ವಾಪಸು ಕೊಟ್ಟು ಬಂದೆ.

ಅರ್ಧ ಇಂಚಿನ ಪೈಪಿನಲ್ಲಿ ಒಂದು ಸುತ್ತು 300 ಅಡಿ ಮೀರಬಾರದು. ಮೀರಿದರೆ ಪಂಪಿಗೂ ಹೊರೆ, ಕೊನೆ ಮುಟ್ಟುವಷ್ಟರಲ್ಲಿ ನೀರೂ ತಣ್ಣಗೆ. ನಮ್ಮದು 280 ಅಡಿಯ ಐದು ಸುತ್ತು. ಬಿಸಿನೀರು ಮೊದಲು ಹೊರಗೋಡೆಯ ಕಡೆಗೆ ಹೋಗಿ ಆಮೇಲೆ ನಡುಮನೆಗೆ ಬರುವಂತೆ, ಗೋಡೆಯ ಬಳಿ ಎಂಟಿಂಚಿಗೊಂದು, ಒಳಗೆ ಅಡಿಗೊಂದು. ಹೆಂಡತಿ ಸುರುಳಿ ಬಿಚ್ಚುವುದು, ನಾನು ಮೊಣಕಾಲೂರಿ ಕಬ್ಬಿಣದ ಜಾಲರಿಗೆ ಝಿಪ್ ಟೈ ಬಿಗಿಯುವುದು. ಆರುನೂರಕ್ಕೂ ಹೆಚ್ಚು ಗಂಟು. ಬೆಳಿಗ್ಗೆಯ ತಂಪಿಗೆ ಪೈಪು ಹಾವಿನ ಹಾಗೆ ಸೆಟೆದು ಕೈಗೇ ಬಡಿಯುತ್ತಿತ್ತು, ಬಿಸಿಲೇರಿದ ಮೇಲೆ ಹೇಳಿದ ಮಾತು ಕೇಳುತ್ತಿತ್ತು. ಎರಡನೆಯ ದಿನದಿಂದ ನಾವು ಹತ್ತು ಗಂಟೆಗೆ ಮುಂಚೆ ಕೆಲಸಕ್ಕೇ ಇಳಿಯಲಿಲ್ಲ.

ಎಲ್ಲಾದರೂ ಸೋರುತ್ತದೆಯೇ ನೋಡಲು ಪೈಪುಗಳಿಗೆ 60 ಪಿಎಸ್‌ಐ ಒತ್ತಡದಲ್ಲಿ ಗಾಳಿ ತುಂಬಿ ಗೇಜ್ ಕಟ್ಟಿ ಮಲಗಿದೆವು. ಬೆಳಿಗ್ಗೆ ಐದೂವರೆಗೆ ಟಾರ್ಚ್ ಹಿಡಿದು ನೋಡಿದರೆ ಮುಳ್ಳು 56ರಲ್ಲಿ. ಎದೆ ಧಸಕ್ಕೆಂದಿತು. ಸೋಪಿನ ನೀರು ಕಲಸಿಕೊಂಡು ಒಂದೊಂದು ಜಾಯಿಂಟಿಗೂ ಬಳಿದೆ. ಎಲ್ಲೂ ಗುಳ್ಳೆಯಿಲ್ಲ. ಎರಡು ಗಂಟೆ ತಲೆ ಕೆಡಿಸಿಕೊಂಡ ಮೇಲೆ ಹೈಸ್ಕೂಲಿನ ಪಾಠ ನೆನಪಾಯಿತು: ಹಿಂದಿನ ಸಂಜೆ 27 ಡಿಗ್ರಿ, ಈಗ 10. ಗಾಳಿ ತಣ್ಣಗಾಗಿದೆ, ಒತ್ತಡ ಇಳಿದಿದೆ. ಮಧ್ಯಾಹ್ನದ ಹೊತ್ತಿಗೆ ಮುಳ್ಳು ತಾನಾಗಿ 60ಕ್ಕೆ ಬಂದು ಕೂತಿತು.

ಕಾಂಕ್ರೀಟ್ ದಿನ ಮಾತ್ರ ನಿಜವಾದ ಪೆಟ್ಟು ಬಿತ್ತು. ಗಾಳಿ ತುಂಬಿಯೇ ಇಟ್ಟಿದ್ದೆವು, ಅದೇ ನಮ್ಮ ಪುಣ್ಯ. ಎರಡನೆಯ ಲಾರಿ ಸುರಿಯುವಾಗ, ಕೊಕ್ಕೆ ಹಾಕಿ ಜಾಲರಿ ಎತ್ತುತ್ತಿದ್ದ ಹುಡುಗನ ಕೈ ತಪ್ಪಿ ಕೊಕ್ಕೆ ಪೈಪನ್ನು ಸೀಳಿತು. ಹಸಿ ಕಾಂಕ್ರೀಟಿನಲ್ಲಿ ಗಂಜಿ ಕುದ್ದ ಹಾಗೆ ಗುಳುಗುಳು ಎಂದು ಗುಳ್ಳೆ. ಕೂಗಿ ಕೆಲಸ ನಿಲ್ಲಿಸಿ, ಕೈಯಿಂದಲೇ ಬಗೆದು, ಸೀಳಿದ ಎರಡಿಂಚು ಕತ್ತರಿಸಿ, ಹಿತ್ತಾಳೆಯ ಜೋಡಣೆ ಒತ್ತಿ, ಸಿಮೆಂಟ್ ತಾಗದಂತೆ ಟೇಪ್ ಸುತ್ತಿ, ಮತ್ತೆ ಗಾಳಿ ತುಂಬಿದ್ದಕ್ಕೆ ಹಿಡಿದದ್ದು ಹದಿನೈದು ನಿಮಿಷ. ಮೇಸ್ತ್ರಿ ಗಡಿಯಾರ ನೋಡುತ್ತ ನಿಂತಿದ್ದ. ಆ ಜೋಡಣೆ ಜೇಬಿನಲ್ಲಿ ಇಲ್ಲದೆ ಅಂಗಡಿಗೆ ಓಡಬೇಕಾಗಿದ್ದರೆ ಕಾಂಕ್ರೀಟ್ ಕಾಯುತ್ತಿರಲಿಲ್ಲ.

ಕಾಂಕ್ರೀಟಿಗೆ ಮುಂಚೆ ಟೇಪಿನ ಅಳತೆ ಕಾಣುವಂತೆ ಇಡೀ ನೆಲದ ಇನ್ನೂರು ಫೋಟೊ ತೆಗೆದಿದ್ದೆ. ಆಮೇಲೆ ಒಳಗೋಡೆಗಳ ಅಡಿಪಟ್ಟಿಗೆ ಮೊಳೆ ಹೊಡೆಯುವಾಗ, ಕಮೋಡ್ ಕೂರಿಸುವಾಗ ಫೋನ್ ಒಂದು ಕೈಯಲ್ಲಿ, ಡ್ರಿಲ್ ಇನ್ನೊಂದು ಕೈಯಲ್ಲಿ.

ಕಾಂಕ್ರೀಟ್ ಪೂರ್ತಿ ಗಟ್ಟಿಯಾಗಲೆಂದು 28 ದಿನ ಬಿಸಿ ಮುಟ್ಟಿಸಲಿಲ್ಲ. ಗ್ಯಾಸ್ ಲೈನು, ಬಾಯ್ಲರಿನ ಕೊನೆಯ ಜೋಡಣೆ ಲೈಸೆನ್ಸ್ ಇದ್ದವರಿಗೇ ಬಿಟ್ಟೆ. ಅಲ್ಲಿ ನನ್ನ ಧೈರ್ಯ ಮುಗಿಯುತ್ತದೆ.

ಮೊದಲ ಚಳಿಗಾಲ ಪೂರ್ತಿ ಥರ್ಮೋಸ್ಟಾಟ್ ಜತೆ ಗುದ್ದಾಡಿದೆ. ಹಳೆಯ ರೂಢಿಯಂತೆ ರಾತ್ರಿ ಇಳಿಸಿ ಬೆಳಿಗ್ಗೆ ಏರಿಸುತ್ತಿದ್ದೆ. ಮಧ್ಯಾಹ್ನ ಬೆವರು, ಹೊರಗೆ ಹಿಮ ಬೀಳುತ್ತಿರುವಾಗ ಕಿಟಕಿ ತೆರೆಯುವ ಮೂರ್ಖತನ. ನಮ್ಮ ನೆಲ 27 ಟನ್ ಕಾಂಕ್ರೀಟು. ಅದನ್ನು ಒಂದು ಡಿಗ್ರಿ ಏರಿಸಲು ಆರೂವರೆ ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಹತ್ತು ಡಿಗ್ರಿ ಏರಬೇಕೆಂದರೆ ಬಾಯ್ಲರ್ ನಿಲ್ಲದೆ ಐದಾರು ಗಂಟೆ ಉರಿಯಬೇಕು, ಆಮೇಲೆ ತಡೆದರೂ ನಿಲ್ಲುವುದಿಲ್ಲ. ಈಗ ಅಕ್ಟೋಬರಿನಲ್ಲಿ 20ಕ್ಕೆ ಇಟ್ಟರೆ ಏಪ್ರಿಲ್ ತನಕ ಮುಟ್ಟುವುದಿಲ್ಲ. ಹೊರಗಿನ ಚಳಿ ನೋಡಿಕೊಂಡು ನೀರಿನ ಬಿಸಿಯನ್ನು ಬಾಯ್ಲರೇ ಏರಿಸಿ ಇಳಿಸುತ್ತದೆ, ಎಂಥ ಚಳಿಗೂ 45 ದಾಟಿಲ್ಲ.

ಒಂದು ತಪ್ಪು ಉಳಿದೇ ಬಿಟ್ಟಿತು. ಐದು ಸುತ್ತುಗಳ ಹತ್ತು ತುದಿಯೂ ಸುತ್ತುಗಳಿಗೆ ನೀರು ಹಂಚುವ ಮ್ಯಾನಿಫೋಲ್ಡಿನ ಬಳಿ, ಪಡಸಾಲೆಯ ಮೂಲೆಯಲ್ಲಿ ಒತ್ತೊತ್ತಾಗಿ ಏಳುತ್ತವೆ. ಅಲ್ಲಿ ಪೈಪಿಗೆ ಫೋಮಿನ ಕವಚ ಹಾಕಬೇಕಿತ್ತು, ಹಾಕಲಿಲ್ಲ. ಆ ಎರಡು ಟೈಲ್ಸ್ ಮಿಕ್ಕ ನೆಲಕ್ಕಿಂತ ಬಿಸಿ. ಜನವರಿಯಲ್ಲಿ ಬಂದ ಅಮ್ಮ ಚಪ್ಪಲಿ ಬಿಟ್ಟು ಮನೆಯೆಲ್ಲ ಸುತ್ತಿ ಆ ಮೂಲೆಯಲ್ಲಿ ನಿಂತರು. "ಇಲ್ಲಿ ನಮ್ ಬಚ್ಚಲ ಒಲೆ ಪಕ್ಕ ನಿಂತಂಗಾಗುತ್ತಲ್ಲ ಮಾರಾಯ." ನಾನು ತಪ್ಪು ವಿವರಿಸಲು ಹೊರಟೆ, ಅವರು ಕೇಳಿಸಿಕೊಳ್ಳಲಿಲ್ಲ. ರಾತ್ರಿ ದೋಸೆಹಿಟ್ಟಿನ ಪಾತ್ರೆ ತಂದು ಅಲ್ಲಿಟ್ಟರು. ಆರು ವರ್ಷ ಓವನ್ನಿನ ದೀಪ ಹಚ್ಚಿಟ್ಟರೂ ಹುಳಿ ಬಾರದ ಹಿಟ್ಟು ಅಂದು ಬೆಳಗಿನ ಜಾವ ಉಕ್ಕಿ, ಮುಚ್ಚಳ ಎತ್ತಿ, ಟೈಲ್ಸ್ ಸಂದಿನಲ್ಲೆಲ್ಲ ಹರಿದಿತ್ತು.

ಮುಂದಿನ ಬೇಸಿಗೆಗೆ ಗ್ಯಾರೇಜು. ಅಂಚಿನ ಫೋಮ್ ಹಲಗೆ ಈಗಲೇ ತಂದು ಒಟ್ಟಿದ್ದೇನೆ.